ಅಂಬಲಿ ಹಲಸಿನ ರಸ

(ಮಲೆನಾಡಿನ ಹಳ್ಳಿಯೊಂದರಲ್ಲಿ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಮುಂದೆ ಮಾಡಿದ ಭಾಷಣದ ಬರಹರೂಪ)



1983ರ ಸೆಪ್ಟೆಂಬರ್‌ನಲ್ಲಿ ಶಿರಸಿ ಸಮೀಪದ ಸಾಲ್ಕಣಿಯ ಜನ ಕೊಡಲಿಗೆ ಎದುರಾಗಿ ಮರಗಳನ್ನು ಅಪ್ಪಿ ನಿಂತರು. ಆ ಅಪ್ಪಿಕೋ ಚಳವಳಿ ನಮಗೆ ಮೂರು ಮಾತುಗಳನ್ನು ಕೊಟ್ಟಿತು: ಉಳಿಸು, ಬೆಳೆಸು, ಬಳಸು. ಮೊದಲಿನ ಎರಡನ್ನು ನಾವು ಸಭೆಗಳಲ್ಲಿ ಎತ್ತರದ ದನಿಯಲ್ಲಿ ಹೇಳುತ್ತೇವೆ. ಮೂರನೆಯದು ಹೆಂಗಸರಿಗೆ ಸೇರಿದ್ದು, ಅಡುಗೆಮನೆಗೆ ಸೇರಿದ್ದು ಎಂಬ ಉದಾಸೀನ ನಮ್ಮಲ್ಲಿದೆ. ಇಂದು ನಾನು ಅಡುಗೆಮನೆಯ ಮಾತನ್ನೇ ಆಡಲಿದ್ದೇನೆ.

ಹಲಸಿನಲ್ಲಿ ಬಕ್ಕೆ, ಅಂಬಲಿ ಎಂಬ ಎರಡು ಬಗೆಗಳನ್ನು ನೀವೆಲ್ಲ ಬಲ್ಲಿರಿ. ಬಕ್ಕೆಯ ತೊಳೆ ಗಟ್ಟಿ. ಬಿಡಿಸಿ ಪೇಟೆಯಲ್ಲಿ ಮಾರಬಹುದು. ಅಂಬಲಿಯ ತೊಳೆ ಮೆತ್ತಗೆ, ಕೈಯಲ್ಲಿ ನಿಲ್ಲದು, ಅದಕ್ಕೆ ಗಿರಾಕಿಯಿಲ್ಲ. ಮಳೆ ಹಿಡಿದೊಡನೆ ಹಣ್ಣು ಮರದ ಬುಡದಲ್ಲಿ ಬಿದ್ದು ಕೊಳೆಯುತ್ತದೆ, ನೊಣ ಮುತ್ತುತ್ತದೆ. ಈ ಮರ ಇದ್ದು ಏನು ಪ್ರಯೋಜನ ಎಂದು ಮನೆಯ ಯಜಮಾನರಿಗೆ ಅನಿಸತೊಡಗುತ್ತದೆ. ಹಲಸಿನ ನಾಟಾಕ್ಕಂತೂ ಬೇಡಿಕೆ ಎಂದೂ ತಪ್ಪಿಲ್ಲ. ಹೀಗೆ ಹೋದ ಮರಗಳನ್ನು ಕಡಿಯಲು ಯಾವ ಕಾಡುಗಳ್ಳರೂ ಬರಲಿಲ್ಲ, ನಾವೇ ಕಡಿಸಿದೆವು.

ಆದರೆ ರಸ ತೆಗೆಯುವುದಕ್ಕೆ ಬಕ್ಕೆಗಿಂತ ಅಂಬಲಿಯೇ ಮೇಲು. ಕತ್ತಿಗೂ ಕೈಗೂ ಕೊಬ್ಬರಿ ಎಣ್ಣೆ ಸವರಿಕೊಂಡು ಹಣ್ಣನ್ನು ಸೀಳಿ, ಮೇಣವನ್ನು ಒರೆಸಿ ತೆಗೆಯಿರಿ. ತೊಳೆಯಿಂದ ಬೀಜವನ್ನೂ ಅದರ ಸುತ್ತಲಿನ ಪೊರೆಯನ್ನೂ ಬೇರ್ಪಡಿಸಿರಿ. ಹತ್ತು ಕಿಲೋ ಹಣ್ಣಿನಲ್ಲಿ ತೊಳೆ ಸಿಗುವುದು ಸುಮಾರು ಮೂರು ಕಿಲೋ ಮಾತ್ರ. ಮಿಕ್ಕದ್ದನ್ನು ದನಗಳಿಗೆ ಹಾಕಬಹುದು. ತೊಳೆಗಳನ್ನು ನೀರು ಸೇರಿಸದೆ ದೊಡ್ಡ ಕಣ್ಣಿನ ಜರಡಿಯ ಮೇಲೆ ಅಂಗೈಯಿಂದ ಉಜ್ಜಿದರೆ ನಾರು ಮೇಲೆ ಉಳಿದು, ಜೇನಿನ ಬಣ್ಣದ ಗಟ್ಟಿ ರಸ ಕೆಳಗೆ ಇಳಿಯುತ್ತದೆ. ಮಿಕ್ಸಿಗೆ ಹಾಕಿದರೆ ನಾರೂ ಅರೆದುಹೋಗಿ ರಸದಲ್ಲಿ ಸೇರುತ್ತದೆ. ನನಗೆ ಅದು ಹಿಡಿಸದು.

ಈ ರಸಕ್ಕೆ ಅಕ್ಕಿ ರವೆ, ಬೆಲ್ಲ, ಕಾಯಿತುರಿ, ಚಿಟಿಕೆ ಉಪ್ಪು ಬೆರೆಸಿ ಬಾಳೆ ಎಲೆಯಲ್ಲೋ ಅರಿಶಿನದ ಎಲೆಯಲ್ಲೋ ಮಡಚಿ ಹಬೆಯಲ್ಲಿ ಬೇಯಿಸಿದರೆ ಕಡುಬು. ಹಿಟ್ಟನ್ನು ಉಂಡೆಗಟ್ಟಿ ಕರಿದರೆ ಮುಳಕ. ತೆಂಗಿನ ಹಾಲಿನೊಂದಿಗೆ ಪಾಯಸ. ಇವೆಲ್ಲ ನಮ್ಮ ಅಜ್ಜಿಯಂದಿರ ಕೈಯ ಅಡುಗೆಗಳು, ವಿವರಿಸುವ ಅಗತ್ಯವಿಲ್ಲ.

ವಿವರಿಸಬೇಕಾದದ್ದು ರಸವನ್ನು ಕಾಯ್ದಿಡುವ ಬಗೆಯನ್ನು. ಒಂದು ವರ್ಷ ನಾನು ರಸವನ್ನು ಕುದಿಸಿ, ಬಾಟಲಿಗೆ ತುಂಬಿ, ಬಿಗಿಯಾಗಿ ಮುಚ್ಚಿ ಅಟ್ಟದ ಮೇಲೆ ಇಟ್ಟಿದ್ದೆ. ಹತ್ತು ದಿನದಲ್ಲಿ ಮುಚ್ಚಳ ಹಾರಿತು. ಮುಚ್ಚಳ ಹಾರಿದ್ದು ಅದೃಷ್ಟವೆಂದು ತಿಳಿದದ್ದು ಅನಂತರ. ಹಲಸಿನ ರಸದಲ್ಲಿ ಹುಳಿ ಕಡಿಮೆ. ಹುಳಿಯಿಲ್ಲದ, ಗಾಳಿಯಾಡದ ಬಾಟಲಿಯೊಳಗೆ ಬೊಟುಲಿನಮ್ ಎಂಬ ಸೂಕ್ಷ್ಮಜೀವಿ ಬೆಳೆದು ಮಾರಕ ವಿಷವನ್ನು ಉಂಟುಮಾಡಬಲ್ಲದು. ಅದರ ಬೀಜಕಣಗಳು ಕುದಿಯುವ ನೀರಿನಲ್ಲೂ ಸಾಯುವುದಿಲ್ಲ. ವಿಷಕ್ಕೆ ವಾಸನೆಯೂ ಇರಬೇಕೆಂದಿಲ್ಲ. ಸ್ವಲ್ಪ ನಿಂಬೆರಸವನ್ನೋ ಮುರುಗಲಿನ ಸಿಪ್ಪೆಯನ್ನೋ ಸೇರಿಸಿದರೆ ರುಚಿ ಹೆಚ್ಚೀತು, ಆದರೆ ಹುಳಿ ಸಾಕಾಯಿತೇ ಎಂದು ನಾಲಿಗೆಯಿಂದ ಅಳೆಯಲಾಗದು. ಆದ್ದರಿಂದ ಹಸಿ ರಸವನ್ನು ಫ್ರಿಜ್ಜಿನಲ್ಲಿಟ್ಟು ಎರಡು ಮೂರು ದಿನದೊಳಗೆ ಬಳಸಿರಿ. ಮಳೆಗಾಲದಲ್ಲಿ ನಮ್ಮೂರಿನ ಕರೆಂಟನ್ನು ನಂಬಿ ಹೆಚ್ಚು ದಿನ ಇಡುವ ಸಾಹಸ ಬೇಡ.

ವರ್ಷವಿಡೀ ಬೇಕೆಂದರೆ ಬೆರಟಿಯೇ ದಾರಿ. ದಪ್ಪ ತಳದ ಉರುಳಿಯಲ್ಲಿ ರಸವನ್ನು ಸಣ್ಣ ಉರಿಯಲ್ಲಿ ಕಾಯಿಸುತ್ತ, ಅರ್ಧಕ್ಕಿಂತ ಕಡಿಮೆಯಾದ ಮೇಲೆ ಬೆಲ್ಲ ಹಾಕಿ, ತಳ ಬಿಟ್ಟು ಮುದ್ದೆಯಾಗಿ ಬರುವವರೆಗೆ ಮಗುಚಬೇಕು. ನೀರು ಆರಿ, ಉಳಿದದ್ದನ್ನು ಬೆಲ್ಲ ಹಿಡಿದಿಟ್ಟುಕೊಳ್ಳುವುದರಿಂದ ಸೂಕ್ಷ್ಮಜೀವಿಗೆ ಬಾಳಲು ತೇವ ದೊರೆಯದು. ರಸ ಸಿಡಿದು ಕೈ ಸುಡುತ್ತದೆ; ಉದ್ದ ಹಿಡಿಯ ಸಟ್ಟುಗ ಬೇಕು. ಹೊತ್ತೂ ಬಹಳ ಹಿಡಿಯುತ್ತದೆ. ಈ ದುಡಿಮೆ ಒಬ್ಬ ತಾಯಿಯ ಮೇಲೆ ಬೀಳದಂತೆ ಮೂರು ನಾಲ್ಕು ಮನೆಯವರು ಒಂದೇ ಒಲೆಯ ಸುತ್ತ ಸೇರಬೇಕು, ಗಂಡಸರೂ ಸಟ್ಟುಗ ಹಿಡಿಯಬೇಕು.

ವಿದ್ಯಾರ್ಥಿಗಳಿಗೊಂದು ಕೆಲಸವಿದೆ. ಹಲಸಿನ ಬೀಜ ಒಣಗಿದರೆ ಮೊಳೆಯುವ ಶಕ್ತಿಯನ್ನು ಬೇಗನೆ ಕಳೆದುಕೊಳ್ಳುತ್ತದೆ. ರಸ ತೆಗೆದ ವಾರದೊಳಗೇ ಒಳ್ಳೆಯ ಮರದ ಬೀಜಗಳನ್ನು ಮಣ್ಣಿನ ಚೀಲಕ್ಕೆ ಊರಿರಿ. ಬೀಜದ ಸಸಿ ತಾಯಿಮರದ ಗುಣವನ್ನೇ ಕೊಡುತ್ತದೆಂಬ ಭರವಸೆಯಿಲ್ಲ. ಅದೇ ಹಣ್ಣು ಬೇಕಾದಲ್ಲಿ ಆ ಸಸಿಗೆ ತಾಯಿಮರದ ಕುಡಿಯನ್ನು ಕಸಿ ಕಟ್ಟಬೇಕು. ಅದಕ್ಕೆ ತಾಯಿಮರ ಇನ್ನೂ ನಿಂತಿರಬೇಕು.