ಫ್ಯಾನಿನ ಸಾಲ ಫ್ಯಾನೇ ತೀರಿಸಲಿ

ಇವತ್ತು ರಾಜೀನಾಮೆ ಇಲ್ಲ, ಬಂಡಾಯ ಇಲ್ಲ, ಯಾರೂ ಯಾರನ್ನೂ ಬೈದ ದೃಶ್ಯವೂ ಇಲ್ಲ. ಇವತ್ತಿನ ವಿಷಯ ಕರೆಂಟ್ ಬಿಲ್ಲು. ಚಾನೆಲ್ ಬದಲಾಯಿಸಬೇಡಿ. ಇದು ನಿಮ್ಮ ಮನೆಯ ಬಿಲ್ಲಲ್ಲ, ಸರ್ಕಾರಿ ಕಚೇರಿಯ ಬಿಲ್ಲು. ಆದರೆ ಕಟ್ಟುವವರು ನೀವೇ.

ಪಹಣಿಗೋ, ಜಾತಿ ಪ್ರಮಾಣಪತ್ರಕ್ಕೋ ಯಾವುದಾದರೂ ತಾಲ್ಲೂಕು ಕಚೇರಿಯ ಸಾಲಿನಲ್ಲಿ ನಿಂತಾಗ ಒಮ್ಮೆ ತಲೆ ಎತ್ತಿ ನೋಡಿ. ಮಟಮಟ ಮಧ್ಯಾಹ್ನ ಹಳೇ ಟ್ಯೂಬ್‌ಲೈಟು ಉರೀತಿರುತ್ತೆ, ಅದರ ಚೋಕು ಗುಂಯ್ ಅಂತಿರುತ್ತೆ. ಸಾಹೇಬರು ಮೀಟಿಂಗಿಗೆ ಹೋಗಿರ್ತಾರೆ, ಅವರ ಖಾಲಿ ಕುರ್ಚಿಯ ಮೇಲೆ ಫ್ಯಾನು ಮಾತ್ರ ಡ್ಯೂಟಿ ಮೇಲಿರುತ್ತೆ. 'ಅನಗತ್ಯ ದೀಪ ಆರಿಸಿ' ಅಂತ ಸುತ್ತೋಲೆ ಹೊರಡಿಸಿದರೆ ಎಲ್ಲ ಸರಿಹೋಗುತ್ತೆ ಅನ್ನೋರಿದ್ದಾರೆ. ನನಗೆ ಸುತ್ತೋಲೆಗಳ ಮೇಲೆ ಅಂಥ ನಂಬಿಕೆ ಏನಿಲ್ಲ. ಆರಿಸೋದನ್ನ ಮರೆತರೂ ಕಡಿಮೆ ಕರೆಂಟು ತಿನ್ನುವ ಫ್ಯಾನು ಹಾಕಿ ಅನ್ನೋದು ನನ್ನ ವಾದ.

ಒಂದು ಲೆಕ್ಕ ಮಾಡೋಣ, ಪೆನ್ನು ತಗೊಳ್ಳಿ. ಹಳೇ ಸೀಲಿಂಗ್ ಫ್ಯಾನು ಜೋರಾಗಿ ತಿರುಗಿದರೆ ಸುಮಾರು 75 ವ್ಯಾಟ್ ಎಳೆಯುತ್ತೆ. ಈಗ ಬಂದಿರೋ ಬಿಎಲ್‌ಡಿಸಿ ಫ್ಯಾನಿಗೆ 30 ವ್ಯಾಟ್ ಆಸುಪಾಸು ಸಾಕು. ಒಂದು ಕಚೇರಿಯಲ್ಲಿ 100 ಫ್ಯಾನು ಇದೆ, ದಿನಕ್ಕೆ 8 ಗಂಟೆ, ವರ್ಷಕ್ಕೆ 250 ದಿನ ತಿರುಗುತ್ತೆ ಅಂತಿಟ್ಟುಕೊಳ್ಳಿ. 9,000 ಯೂನಿಟ್ ಉಳೀತು. ಯೂನಿಟ್‌ಗೆ 7 ರೂಪಾಯಿ ಹಿಡಿದರೆ 63,000 ರೂಪಾಯಿ. ಆದರೆ ಫ್ಯಾನೊಂದಕ್ಕೆ 2,800 ಅಂದ್ರೂ ನೂರಕ್ಕೆ 2 ಲಕ್ಷ 80 ಸಾವಿರ ಬೇಕು. ಹಾಕಿದ ದುಡ್ಡು ವಾಪಸ್ ಬರೋಕೆ ನಾಲ್ಕೂವರೆ ವರ್ಷ. ಟ್ಯೂಬ್‌ಲೈಟಿನ ಕಥೆ ಬೇರೆ. ಚೋಕೂ ಸೇರಿ 50 ವ್ಯಾಟ್ ತಿನ್ನೋ ಜಾಗದಲ್ಲಿ 20 ವ್ಯಾಟಿನ ಎಲ್‌ಇಡಿ ಹಾಕಿದರೆ, ನೂರು ದೀಪಕ್ಕೆ ವರ್ಷಕ್ಕೆ 42,000 ರೂಪಾಯಿ ಉಳಿಯುತ್ತೆ. ಒಂದಕ್ಕೆ 250ರಂತೆ ಖರ್ಚು 25,000. ಏಳೇ ತಿಂಗಳಲ್ಲಿ ಅಸಲು ಕೈಗೆ ಬಂತು! ಎರಡನ್ನೂ ಜೋಡಿಸಿ ನೋಡಿ, ಒಟ್ಟು ಖರ್ಚು ಮೂರು ವರ್ಷದೊಳಗೆ ತೀರುತ್ತೆ.

ಇಷ್ಟು ಲಾಭ ಇದ್ದರೆ ಯಾಕೆ ಮಾಡಲ್ಲ ಸ್ವಾಮಿ ಅಂತ ಕೇಳ್ತೀರಿ. ಸರ್ಕಾರದ ಜೇಬು ನಿಮ್ಮ ನನ್ನ ಜೇಬಿನ ಥರ ಇಲ್ಲ. ಬಿಲ್ಲು ಕಟ್ಟೋಕೆ ಒಂದು ಲೆಕ್ಕ ಶೀರ್ಷಿಕೆ, ಸಾಮಾನು ಕೊಳ್ಳೋಕೆ ಇನ್ನೊಂದು. ಮೊದಲನೆಯದಕ್ಕೆ ದುಡ್ಡು ವರ್ಷವರ್ಷ ಬರುತ್ತೆ, ಎರಡನೆಯದಕ್ಕೆ ಫೈಲು ಬೆಂಗಳೂರಿಗೆ ಹೋಗಿ ಬರಬೇಕು. ಯಾರೋ ಪುಣ್ಯಾತ್ಮ ಅಧಿಕಾರಿ ಬಿಲ್ಲು ಇಳಿಸಿಬಿಟ್ಟ ಅನ್ನಿ, ಉಳಿದ ಹಣ ಮಾರ್ಚ್ 31ಕ್ಕೆ ಲ್ಯಾಪ್ಸ್. ಮುಂದಿನ ವರ್ಷ ಅನುದಾನಕ್ಕೂ ಕತ್ತರಿ. ಉಳಿಸಿದ್ದಕ್ಕೆ ಶಿಕ್ಷೆ!

ಇದಕ್ಕೊಂದು ದಾರಿ ಬಹಳ ಹಿಂದೆಯೇ ಸಿಕ್ಕಿದೆ. ಎಸ್ಕೊ ಅಂತಾರೆ. ಎಸ್ಕಾಂ ಅಲ್ಲ, ಎಸ್ಕೊ, ಇಂಧನ ಉಳಿಸಿಕೊಡುವ ಕಂಪನಿ. ಅದು ತನ್ನ ದುಡ್ಡು ಹಾಕಿ ಫ್ಯಾನು, ದೀಪ, ಎಸಿ, ಪಂಪು ಎಲ್ಲ ಬದಲಾಯಿಸುತ್ತೆ. ಸರ್ಕಾರ ಮುಂಗಡ ಒಂದು ರೂಪಾಯಿ ಕೊಡಬೇಕಿಲ್ಲ. ತಿಂಗಳು ತಿಂಗಳು ಬಿಲ್ಲು ಎಷ್ಟು ಇಳೀತೋ ಅದರಲ್ಲಿ ಒಂದು ಪಾಲು ಕಂಪನಿಗೆ. ಅಮೆರಿಕದಲ್ಲಿ ಕೇಂದ್ರ ಸರ್ಕಾರದ ಕಟ್ಟಡಗಳಿಗೆ ಈ ಕಾನೂನು 1986ರಲ್ಲೇ ಬಂತು, 25 ವರ್ಷದವರೆಗೂ ಒಪ್ಪಂದ ಮಾಡಿಕೊಳ್ಳಬಹುದು. ಜರ್ಮನಿಯ ಬರ್ಲಿನ್ ನಗರ 1996ರಿಂದ ಶಾಲೆ, ಕಚೇರಿಗಳನ್ನು ಗುಂಪು ಗುಂಪಾಗಿ ಸೇರಿಸಿ ಗುತ್ತಿಗೆ ಕೊಟ್ಟಿತು. ಗುಂಪು ಯಾಕೆ ಗೊತ್ತಾ? ಬಿಡಿಬಿಡಿಯಾಗಿ ಬಿಟ್ಟರೆ ಕಂಪನಿ ಬೇಗ ಲಾಭ ಬರೋ ಟ್ಯೂಬ್‌ಲೈಟು ಮಾತ್ರ ಬದಲಾಯಿಸಿ ಎದ್ದು ಹೋಗುತ್ತೆ, ಫ್ಯಾನು ಎಸಿ ಮುಟ್ಟಲ್ಲ. ಹಲಸಿನ ತೊಳೆ ಅವರಿಗೆ, ಮೇಣ ನಮಗೆ.

ನಮ್ಮಲ್ಲಿ? 2001ರಲ್ಲಿ ಇಂಧನ ಸಂರಕ್ಷಣಾ ಕಾಯ್ದೆ ಬಂತು. 2009ರಲ್ಲಿ ನಾಲ್ಕು ಕೇಂದ್ರ ಉದ್ದಿಮೆಗಳು ಸೇರಿ ಇಇಎಸ್‌ಎಲ್ ಅನ್ನೋ ಸಂಸ್ಥೆ ಕಟ್ಟಿದವು. ನಮ್ಮ ರಾಜ್ಯದಲ್ಲಿ 'ಹೊಸ ಬೆಳಕು' ಅಂತ ಕೌಂಟರಿನಲ್ಲಿ ಎಲ್‌ಇಡಿ ಬಲ್ಬು ಕೊಂಡಿದ್ದು ನೆನಪಿರಬೇಕು, ಅದರ ಹಿಂದಿದ್ದದ್ದು ಇದೇ ಸಂಸ್ಥೆ. 2014ರಲ್ಲಿ 310 ರೂಪಾಯಿ ಇದ್ದ ಬಲ್ಬಿನ ಸಗಟು ಖರೀದಿ ಬೆಲೆ ಎರಡೇ ವರ್ಷದಲ್ಲಿ 40 ರೂಪಾಯಿಗಿಂತ ಕೆಳಗೆ ಬಂತು. ಮನಸ್ಸು ಮಾಡಿದರೆ ಆಗಲ್ಲ ಅಂತೇನಿಲ್ಲ.

ಆದರೆ ಅದೇ ಸಂಸ್ಥೆ ದೇಶದ ಊರೂರಿನ ಬೀದಿ ದೀಪ ಬದಲಾಯಿಸಿ, ಆಮೇಲೆ ನಗರಸಭೆ ಪುರಸಭೆಗಳಿಂದ ಬಾಕಿ ವಸೂಲಿ ಮಾಡೋಕೆ ಅಲೆದಾಡಬೇಕಾಯಿತು. ದೀಪ ಉರೀತು, ಬಿಲ್ಲು ಇಳೀತು, ಕಂತು ಬರಲಿಲ್ಲ. ಬೆಂಗಳೂರಿನಲ್ಲಂತೂ ಕಥೆ ಅಲ್ಲಿವರೆಗೂ ಬರಲೇ ಇಲ್ಲ. ನಾಲ್ಕೂವರೆ ಲಕ್ಷಕ್ಕೂ ಹೆಚ್ಚು ಬೀದಿ ದೀಪಗಳನ್ನ ಉಳಿತಾಯದ ದುಡ್ಡಲ್ಲೇ ಎಲ್‌ಇಡಿ ಮಾಡ್ತೀವಿ ಅಂತ ಒಪ್ಪಂದ ಆಯ್ತು. ಕೆಲಸ ಮುಂದೆ ಸಾಗದೆ ಕೊನೆಗೆ ರದ್ದಾಯ್ತು.

ಗಂಟು ಎಲ್ಲಿದೆ ಅಂದ್ರೆ, ಉಳಿತಾಯ ಅನ್ನೋದು ಕಣ್ಣಿಗೆ ಕಾಣಲ್ಲ. ಉರಿಯದ ಯೂನಿಟ್ಟಿಗೆ ಮೀಟರ್ ಇಲ್ಲ. 2023ರಲ್ಲಿ ಗೃಹಜ್ಯೋತಿ ಬಂದಾಗ ನಿಮ್ಮ ಹಿಂದಿನ ವರ್ಷದ ಸರಾಸರಿ ತೆಗೆದು, ಅದರ ಮೇಲೆ ಶೇ. 10 ಸೇರಿಸಿದರಲ್ಲ? ಕಚೇರಿಗೂ ಹಾಗೇ ಮೊದಲೇ ಒಂದು ಸರಾಸರಿ ಬರೆದಿಡಬೇಕು. ಮಧ್ಯೆ ಸಾಹೇಬರು ಹತ್ತು ಎಸಿ ಹೊಸದಾಗಿ ಹಾಕಿಸಿದರೆ ಬಿಲ್ಲು ಏರುತ್ತೆ, ಅದು ಕಂಪನಿ ತಪ್ಪಲ್ಲ. ಕಚೇರಿ ಎರಡು ತಿಂಗಳು ಬಾಗಿಲು ಹಾಕಿದರೆ ಬಿಲ್ಲು ಇಳಿಯುತ್ತೆ, ಅದು ಕಂಪನಿಯ ಪರಾಕ್ರಮ ಅಲ್ಲ. ಇದನ್ನೆಲ್ಲ ಮೊದಲೇ ಕಾಗದದ ಮೇಲೆ ಇಳಿಸದಿದ್ದರೆ ಆಮೇಲೆ ಕೋರ್ಟು.

ಇದಕ್ಕಿಂತ ದೊಡ್ಡ ಪ್ರಶ್ನೆ ನನ್ನದು. ಎಸ್ಕಾಂಗಳಿಗೆ ಸರ್ಕಾರದ್ದೇ ಇಲಾಖೆಗಳು, ಸ್ಥಳೀಯ ಸಂಸ್ಥೆಗಳು ಬಾಕಿ ಉಳಿಸಿಕೊಂಡಿರೋದು ಹೊಸ ಸುದ್ದಿ ಏನಲ್ಲ. ಬಿಲ್ಲೇ ಕಟ್ಟದ ಕಚೇರಿಗೆ ಬಿಲ್ಲು ಇಳಿದರೆಷ್ಟು, ಏರಿದರೆಷ್ಟು? ಕಟ್ಟದ ದುಡ್ಡಿನಲ್ಲಿ ಉಳಿತಾಯ ಎಲ್ಲಿಂದ ಬರುತ್ತೆ? ನೀವು ಒಂದು ತಿಂಗಳು ತಡ ಮಾಡಿ, ಫ್ಯೂಸ್ ಕೀಳೋಕೆ ಲೈನ್‌ಮನ್ ಮನೆ ಬಾಗಿಲಿಗೆ ಬರ್ತಾನೆ. ಅವನನ್ನ ತಹಶೀಲ್ದಾರ್ ಕಚೇರಿಗೂ ಕಳಿಸಿ ನೋಡೋಣ!

ಹಾಗಾಗಿ ಹಣಕಾಸು ಇಲಾಖೆಯವರಿಗೆ ನೇರವಾಗಿ ಹೇಳ್ತೀನಿ. ಒಪ್ಪಂದ ಮುಗಿಯೋವರೆಗೂ ಆ ಕಚೇರಿಯ ವಿದ್ಯುತ್ ಅನುದಾನಕ್ಕೆ ಕೈ ಹಾಕಬೇಡಿ. ಆ ದುಡ್ಡನ್ನ ಪ್ರತ್ಯೇಕ ಎಸ್ಕ್ರೋ ಖಾತೆಗೆ ಹಾಕಿ. ಮೊದಲು ಎಸ್ಕಾಂ ಬಿಲ್ಲು, ಆಮೇಲೆ ಕಂಪನಿ ಕಂತು, ಮಿಕ್ಕಿದ್ದು ಕಚೇರಿಗೇ ಇರಲಿ, ಶೌಚಾಲಯ ರಿಪೇರಿ ಮಾಡಿಸಿಕೊಳ್ಳಲಿ. ಕರಾರು ಮಾಡೋ ಮುಂಚೆ ಹಳೇ ಬಾಕಿ ತೀರಿಸಿ. ರಾಜ್ಯಕ್ಕೆಲ್ಲ ಒಂದೇ ಸಲ ಬೇಡ, ಒಂದು ಜಿಲ್ಲೆಯ ಡಿಸಿ ಕಚೇರಿ, ಆಸ್ಪತ್ರೆ, ಹಾಸ್ಟೆಲುಗಳನ್ನ ಸೇರಿಸಿ ಶುರು ಮಾಡಿ. ಆ ಮೀಟರಿನ ಪಕ್ಕ ಒಂದು ಬೋರ್ಡು ಹಾಕಿ, ಹೋದ ವರ್ಷ ಎಷ್ಟು ಯೂನಿಟ್, ಈ ವರ್ಷ ಎಷ್ಟು, ಕಂಪನಿಗೆ ಕೊಟ್ಟಿದ್ದು ಎಷ್ಟು ಅಂತ ಬರೆಯಿರಿ. ಬೋರ್ಡು ಹಾಕಿದ ದಿನ ಹೇಳಿ, ನಮ್ಮ ಕ್ಯಾಮೆರಾ ಅಲ್ಲಿರುತ್ತೆ.