ಕರೆಯ ಗಡಿ ಎಲ್ಲಿದೆ?



2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಸೇವೆ ಶುರುವಾದಾಗ ಅದರ ಜಾಲದಲ್ಲಿ ಮಾತಿಗೆಂದೇ ಮೀಸಲಾದ ಹಳೆಯ ಬಗೆಯ ದಾರಿ ಇರಲಿಲ್ಲ. ಮಾತೂ ಡೇಟಾ ಆಗಿಯೇ ಹೋಗುತ್ತಿತ್ತು. ಇಂಥ ಜಾಲಗಳಲ್ಲಿ ಒಂದು ಸೆಕೆಂಡಿನ ದನಿಯನ್ನು ಸಾಮಾನ್ಯವಾಗಿ 50 ಪ್ಯಾಕೆಟ್‌ಗಳಾಗಿ ಕಳಿಸುತ್ತಾರೆ. ದನಿಗಿಂತ ಮೊದಲು ಒಂದು ಸಂದೇಶ ಹೋಗಬೇಕು: ಕರೆ ಯಾರದು, ಯಾರಿಗೆ, ಎಲ್ಲಿಂದ. ಆ ಸಂದೇಶದ ನಿಯಮಾವಳಿಯೇ ಸಿಪ್. ಇಂದು ನಡೆಯುತ್ತಿರುವುದು 2002ರಲ್ಲಿ ಹೊರಬಂದ ಆವೃತ್ತಿ. ಸಂದೇಶವೆಲ್ಲ ಓದಲು ಬರುವ ಸಾದಾ ಅಕ್ಷರಗಳಲ್ಲಿರುತ್ತದೆ, ಹಾಗಾಗಿ ತಿದ್ದಲೂ ಬರುತ್ತದೆ. ಕರೆ ಮಾಡಿದವನ ನಂಬರಿನ ಜಾಗದಲ್ಲಿ ಬೇರೆಯವರ ನಂಬರು ಬರೆದರೆ, ಕೇಳುವವರಿಲ್ಲದ ಕಡೆ ಅದು ಹಾಗೆಯೇ ದಾಟಿಹೋಗುತ್ತದೆ.

ಕೇಳುವ ಕೆಲಸಕ್ಕೆ ಇಟ್ಟಿರುವುದು ಸೆಶನ್ ಬಾರ್ಡರ್ ಕಂಟ್ರೋಲರ್; ಈ ಕಸುಬಿನವರ ಬಾಯಲ್ಲಿ ಎಸ್‌ಬಿಸಿ. ಒಂಟಿ ಹಳಿಯ ಕಾಲ ಕಂಡ ರೈಲ್ವೆ ನೌಕರರು ಈ ಸಭೆಯಲ್ಲಿದ್ದರೆ ಅವರಿಗೆ ಬೇಗ ತಿಳಿದೀತು. ಡ್ರೈವರ್ ಹಿಂದಿನ ಸೆಕ್ಷನ್ನಿನ ಟೋಕನ್ ಒಪ್ಪಿಸಿ, ಮುಂದಿನದನ್ನು ಪಡೆದ ಮೇಲೆಯೇ ಗಾಡಿ ಬಿಡಬೇಕಿತ್ತು. ಎಸ್‌ಬಿಸಿಯಲ್ಲಿಯೂ ಹೊರಗಿನ ಕರೆ ಅಲ್ಲಿಗೆ ಮುಗಿಯುತ್ತದೆ. ಪರೀಕ್ಷೆ ಮಾಡಿ, ಒಳಗಡೆ ಅದೇ ಯಂತ್ರ ಇನ್ನೊಂದು ಕರೆ ಹೂಡುತ್ತದೆ. ಎರಡನ್ನೂ ಜೋಡಿಸಿ ಹಿಡಿದಿರುವುದರಿಂದ ಒಳಗಿನ ಸರ್ವರ್‌ಗಳ ವಿಳಾಸ ಹೊರಗಿನವನಿಗೆ ಸಿಗುವುದಿಲ್ಲ.

ಕಳ್ಳರ ಕಾಟವಿಲ್ಲದಿದ್ದರೂ ಈ ಯಂತ್ರ ಬೇಕಾಗುತ್ತಿತ್ತು. ಒಳಜಾಲದಲ್ಲಿರುವ ಫೋನು ಸಿಪ್ ಸಂದೇಶದಲ್ಲಿ ತನ್ನ ಖಾಸಗಿ ವಿಳಾಸವನ್ನೇ ಬರೆದು ಕಳಿಸುತ್ತದೆ. ಆ ವಿಳಾಸಕ್ಕೆ ಹೊರಗಿನಿಂದ ದನಿ ತಲುಪದು. ನಾವು ಹೇಳಿದ್ದು ಅವರಿಗೆ ಕೇಳುತ್ತದೆ, ಅವರು ಹೇಳಿದ್ದು ನಮಗಿಲ್ಲ. ಎಸ್‌ಬಿಸಿ ಆ ವಿಳಾಸ ತಿದ್ದಿ ದನಿಯನ್ನು ತನ್ನ ಮೂಲಕವೇ ಹಾಯಿಸುತ್ತದೆ. ಬೇಕೆಂದರೆ ಗೂಢಲಿಪಿಗೂ ಇಳಿಸುತ್ತದೆ.

ಆಸ್ಪತ್ರೆ, ಕಾಲೇಜುಗಳಲ್ಲಿ ಇಂಟರ್‌ಕಾಮ್ ಎಕ್ಸ್‌ಚೇಂಜನ್ನು ನಡುವೆ ಎಸ್‌ಬಿಸಿ ಇಲ್ಲದೆ ನೇರವಾಗಿ ಇಂಟರ್‌ನೆಟ್ಟಿಗೆ ತಗುಲಿಸಿಬಿಡುವುದುಂಟು. ಸಿಪ್‌ನ ಮಾಮೂಲಿ ಬಾಗಿಲು 5060ನೇ ಪೋರ್ಟ್. ಅದನ್ನು ತಟ್ಟಿ ನೋಡುವ ತಂತ್ರಾಂಶಗಳು ಹಗಲಿರುಳು ಓಡುತ್ತಿರುತ್ತವೆ. ಅವುಗಳಲ್ಲೊಂದು ತನ್ನನ್ನು ‘ಫ್ರೆಂಡ್ಲಿ ಸ್ಕ್ಯಾನರ್’ ಎಂದೇ ಪರಿಚಯಿಸಿಕೊಳ್ಳುತ್ತದೆ, ಎಂಥ ಗೆಳೆತನವೋ! ಸುಲಭದ ಪಾಸ್‌ವರ್ಡ್ ಇದ್ದ ಎಕ್ಸ್‌ಟೆನ್ಶನ್ ಸಿಕ್ಕಿತೆಂದರೆ, ಕಚೇರಿ ಮುಚ್ಚಿದ ವೇಳೆಯಲ್ಲಿ ದುಬಾರಿ ವಿದೇಶಿ ನಂಬರುಗಳಿಗೆ ಕರೆಗಳು ಹೋಗುತ್ತವೆ. ಬಿಲ್ಲು ಮಾತ್ರ ಸಂಸ್ಥೆಯ ಹೆಸರಿಗೆ. ಎಸ್‌ಬಿಸಿ ಒಂದೇ ಕಡೆಯಿಂದ ಸುರಿಯುವ ಯತ್ನಗಳನ್ನು ಎಣಿಸಿ ಕದ ಹಾಕುತ್ತದೆ. ಆದರೆ ವಿದೇಶಿ ಕರೆ ಬೇಕಿಲ್ಲದ ಸಂಸ್ಥೆ ಆ ಸೌಲಭ್ಯವನ್ನೇ ತೆಗೆಸುವುದು ಇದಕ್ಕಿಂತ ಅಗ್ಗ. ಯಂತ್ರ ಮಾರುವವರು ಈ ಮಾತನ್ನು ಮೊದಲು ಹೇಳುವುದಿಲ್ಲ.

ಅವರು ಹೇಳದ ಇನ್ನೊಂದು ಮಾತಿಗಾಗಿಯೇ ಈ ವಿಷಯ ಆರಿಸಿಕೊಂಡೆ. ಗಡಿ ಕಾಯುವ ಯಂತ್ರ ಗಡಿಗೆ ಬಂದದ್ದನ್ನಷ್ಟೇ ನೋಡಬಲ್ಲದು. 2021ರ ಜೂನ್‌ನಲ್ಲಿ ಸೇನಾ ಗುಪ್ತಚರ ವಿಭಾಗವೂ ಪೊಲೀಸರೂ ಸೇರಿ ಬೆಂಗಳೂರಿನಲ್ಲಿ ಅಕ್ರಮ ಟೆಲಿಫೋನ್ ಎಕ್ಸ್‌ಚೇಂಜ್ ಹಿಡಿದರು. ಸಿಕ್ಕಿದ್ದು ಸಿಮ್ ಬಾಕ್ಸ್‌ಗಳು, ಅಂದರೆ ಹಲವು ಸಿಮ್ ಹಿಡಿಯುವ ಪೆಟ್ಟಿಗೆಗಳು. ಒಟ್ಟು 960 ಸಿಮ್‌ಗಳಿಗೆ ಜಾಗ. ವಿದೇಶದ ಕರೆ ಇಂಟರ್‌ನೆಟ್ ಮೂಲಕ ಈ ಪೆಟ್ಟಿಗೆಗೆ ಇಳಿದು, ಇಲ್ಲಿಯ ಸಿಮ್‌ನಿಂದ ಊರ ಕರೆಯಾಗಿ ಏಳುತ್ತದೆ. ವಿದೇಶಿ ಕರೆಗಳ ಹೆಬ್ಬಾಗಿಲಾದ, ಪರವಾನಗಿ ಪಡೆದ ಅಂತರರಾಷ್ಟ್ರೀಯ ಗೇಟ್‌ವೇಯನ್ನು ಅದು ಮುಟ್ಟುವುದೇ ಇಲ್ಲ. ಸಂದೇಶದಲ್ಲಿ ತಿದ್ದುಪಡಿಯೂ ಇಲ್ಲ. ಸಿಮ್ ನಿಜದ್ದು, ನಂಬರೂ ನಿಜದ್ದು.

2024ರ ಅಕ್ಟೋಬರ್ 22ರಂದು ಕೇಂದ್ರ ದೂರಸಂಪರ್ಕ ಇಲಾಖೆ, ಹೊರದೇಶದಿಂದ ಭಾರತೀಯ ನಂಬರು ಹೊತ್ತು ಬರುವ ಸುಳ್ಳು ಕರೆಗಳನ್ನು ಗೇಟ್‌ವೇಯಲ್ಲೇ ತಡೆಯುವ ವ್ಯವಸ್ಥೆ ಆರಂಭಿಸಿತು. ಮೊದಲ 24 ಗಂಟೆಗಳಲ್ಲಿ ಸುಮಾರು 1.35 ಕೋಟಿ ಕರೆಗಳು ಸುಳ್ಳೆಂದು ಗುರುತಾದವು. ಗಡಿಗಾವಲಿನ ಉಪಯೋಗಕ್ಕೆ ಇದಕ್ಕಿಂತ ಹೆಚ್ಚಿನ ಪುರಾವೆ ಬೇಡ. ಆದರೆ ಹೆಬ್ಬಾಗಿಲು ಬಿಗಿಯಾದಷ್ಟೂ ಸಿಮ್ ಬಾಕ್ಸ್‌ನವನಿಗೆ ಗಿರಾಕಿ ಹೆಚ್ಚುತ್ತಾರೆ.

ಅವನು ಸಿಕ್ಕಿಬೀಳುವುದು ಮೊಬೈಲ್ ಕಂಪನಿಗಳ ಕರೆ ದಾಖಲೆಗಳಲ್ಲಿ: ದಿನವಿಡೀ ಕರೆ ಮಾಡುವ, ಕರೆ ಬರುವುದೇ ಅಪರೂಪವಾದ, ಒಂದೇ ಟವರ್ ಬಿಟ್ಟು ಕದಲದ ಸಿಮ್‌ಗಳು. ಇನ್ನೊಂದು ಸುಳಿವು ನಿಮ್ಮ ಕೈಯಲ್ಲೇ ಇದೆ. ದುಬೈಯಿಂದ ಮಗ ಮಾತಾಡುತ್ತಿದ್ದಾನೆ, ಮೊಬೈಲ್ ಪರದೆಯ ಮೇಲೆ ಮಾತ್ರ ಇಲ್ಲಿಯದೇ ಯಾವುದೋ ಅಪರಿಚಿತ ಹತ್ತಂಕಿಯ ನಂಬರು. ಹಾಗಾದರೆ ‘ಸಂಚಾರ ಸಾಥಿ’ ಜಾಲತಾಣದಲ್ಲಿ ಅದನ್ನು ವರದಿ ಮಾಡಿ.