ಬೂಷ್ಟು ಹಿಡಿದ ಕಾಳು ಮತ್ತು ಮನೆಯವರ ಆಹಾರ

(ರೈತ ಮಹಿಳೆಯರ ತರಬೇತಿ ಶಿಬಿರದಲ್ಲಿ ನೀಡಿದ ಉಪನ್ಯಾಸ)



ಕಡಲೆಕಾಯಿ ಒಕ್ಕಣೆಯಾದ ಮೇಲೆ ಒಳ್ಳೆಯ ಕಾಯಿ ಮಂಡಿಗೆ ಹೋಗುತ್ತದೆ. ಜೊಳ್ಳು, ಮುರುಕು, ಬಣ್ಣ ಕೆಟ್ಟ ಬೀಜ ಮನೆಯಲ್ಲಿ ಉಳಿಯುತ್ತದೆ. ಅದು ಚಟ್ನಿಪುಡಿಗೆ, ಮಕ್ಕಳ ಕೈಗೆ, ಕೊನೆಗೆ ದನದ ಬಾನಿಗೆ ಸೇರುತ್ತದೆ. ಬೂಷ್ಟಿನ ವಿಷ ಬೆಳೆದವರ ಮನೆಯನ್ನೇ ಹೊಗುವ ದಾರಿ ಇದು.

ಹಳದಿ ಮಿಶ್ರಿತ ಹಸಿರು ಬಣ್ಣದ ಆಸ್ಪರ್ಜಿಲಸ್ ಫ್ಲೇವಸ್ ಎಂಬ ಬೂಷ್ಟು ಅಫ್ಲಟಾಕ್ಸಿನ್ ಎಂಬ ವಿಷವನ್ನು ಉಂಟುಮಾಡುತ್ತದೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಕಡಲೆಕಾಯಿ ಹಿಂಡಿ ತಿಂದು ಸುಮಾರು ಒಂದು ಲಕ್ಷ ಟರ್ಕಿ ಕೋಳಿಗಳು ಸತ್ತಾಗ ಇದರ ಜಾಡು ಸಿಕ್ಕಿತು. 1974ರಲ್ಲಿ ರಾಜಸ್ಥಾನದ ಬಾನ್ಸವಾಡಾ ಮತ್ತು ಗುಜರಾತಿನ ಪಂಚಮಹಲ್ ಜಿಲ್ಲೆಗಳಲ್ಲಿ ಮಳೆಗೆ ನೆಂದು ಬೂಷ್ಟು ಹಿಡಿದ ಮೆಕ್ಕೆಜೋಳ ಉಂಡವರಿಗೆ ಕಾಮಾಲೆಯಾಗಿ, ಹೊಟ್ಟೆಯಲ್ಲಿ ನೀರು ತುಂಬಿತು. ಕಾಯಿಲೆ ಬಿದ್ದ 397 ಮಂದಿಯಲ್ಲಿ 106 ಮಂದಿ ತೀರಿಕೊಂಡರು. 1995ರಲ್ಲಿ ದಖ್ಖನ್ ಪ್ರಸ್ಥಭೂಮಿಯ ಕೆಲವು ಹಳ್ಳಿಗಳಲ್ಲಿ ಮಳೆಗೆ ಸಿಕ್ಕಿದ ಜೋಳ, ಮೆಕ್ಕೆಜೋಳ ತಿಂದವರಿಗೆ ಹೊಟ್ಟೆನೋವು, ಭೇದಿ ಕಾಣಿಸಿಕೊಂಡವು. ಅಲ್ಲಿದ್ದುದು ಫ್ಯುಮೊನಿಸಿನ್ ಎಂಬ ಬೇರೊಂದು ಬೂಷ್ಟಿನ ವಿಷ.

ತೊಳೆದರೆ, ಕುದಿಸಿದರೆ, ಹುರಿದರೆ ಅಫ್ಲಟಾಕ್ಸಿನ್ ಪೂರ್ತಿ ಹೋಗುವುದಿಲ್ಲ. ಇದು ಮುಖ್ಯವಾಗಿ ಪಿತ್ತಜನಕಾಂಗವನ್ನು ಕೆಡಿಸುತ್ತದೆ. ಬಹುಕಾಲ ಸೇವಿಸಿದರೆ ಕ್ಯಾನ್ಸರಿಗೂ ಕಾರಣವಾಗಬಲ್ಲದು.

ಕಣ್ಣು ಹಳದಿಯಾಗುವುದು, ಹೊಟ್ಟೆ ಊದುವುದು, ಕಾಲು ಬಾವು, ಮಂಪರು ಕಂಡರೆ ರೋಗಿಯನ್ನು ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ದೇಹದಿಂದ ಈ ವಿಷವನ್ನು ತೊಳೆದು ತೆಗೆಯುವ ಸೊಪ್ಪಾಗಲಿ, ಹಣ್ಣಾಗಲಿ ಇಲ್ಲ. ಮೊದಲ ಚಿಕಿತ್ಸೆಯೆಂದರೆ ಆ ಕಾಳನ್ನು ಉಣ್ಣುವುದನ್ನು ನಿಲ್ಲಿಸುವುದು. ಆಮೇಲೆ ಆಹಾರದ ಕೆಲಸ ಸೊರಗಿದ ದೇಹಕ್ಕೆ ಬಲ ತುಂಬುವುದು.

ಕಾಮಾಲೆಯೆಂದರೆ ತಿಂಗಳುಗಟ್ಟಲೆ ಬರಿಯ ಗಂಜಿಯ ಪಥ್ಯ ಹಿಡಿಸುವ ರೂಢಿ ಹಲವೆಡೆ ಇದೆ. ಇದರಿಂದ ರೋಗಿ ಇನ್ನಷ್ಟು ಬಡವಾಗುತ್ತಾನೆ. ವೈದ್ಯರು ಬೇಡವೆನ್ನದಿದ್ದರೆ ಹೆಸರುಬೇಳೆ ತೊವ್ವೆ, ಬೇಯಿಸಿದ ಮೊಟ್ಟೆ, ಮೊಸರು ಕೊಡಬೇಕು. ಹಸಿವು ಕಡಿಮೆಯಿರುವುದರಿಂದ ಮೂರು ಹೊತ್ತಿನ ಊಟವನ್ನು ಐದಾರು ಸಲ ಸ್ವಲ್ಪಸ್ವಲ್ಪವಾಗಿ ಬಡಿಸುವುದು ಒಳ್ಳೆಯದು. ರಾಗಿಯಲ್ಲಿ ಸುಣ್ಣದ ಅಂಶ ಹೇರಳವಾಗಿದೆ. ನುಗ್ಗೆ, ಹರಿವೆ ಸೊಪ್ಪಿನ ಪಲ್ಯಕ್ಕೆ ನಿಂಬೆರಸ ಹಿಂಡಿದರೆ ಅದರಲ್ಲಿನ ಕಬ್ಬಿಣ ಮೈಗೆ ಚೆನ್ನಾಗಿ ಹತ್ತುತ್ತದೆ. ಭೇದಿಯಿದ್ದರೆ ಓ.ಆರ್.ಎಸ್. ಕುಡಿಸಬೇಕು. ಮದ್ಯ ಕೂಡದು.

ಇಲ್ಲೊಂದು ಎಚ್ಚರಿಕೆ ಅಗತ್ಯ. ಬೂಷ್ಟು ಹಿಡಿದ ಹಿಂಡಿ ತಿಂದ ಹಸುವಿನ ಹಾಲಿಗೂ ಈ ವಿಷದ ಒಂದು ರೂಪ ಇಳಿಯುತ್ತದೆ. ಮನೆಯವರಿಗೆ ಬೇಡವೆಂದು ಕಾಳನ್ನು ಕೊಟ್ಟಿಗೆಗೆ ಸುರಿದರೆ, ರೋಗಿಗೆ ಬಲ ಬರಲೆಂದು ಕೊಡುವ ಹಾಲಿನಲ್ಲೇ ಅದು ಮರಳಿ ಬರಬಹುದು. ಅಂಥ ಬೀಜವನ್ನು ಗಾಣಕ್ಕೂ ಹಾಕಬಾರದು; ಶುದ್ಧೀಕರಿಸದ ಎಣ್ಣೆಯಲ್ಲಿ ವಿಷ ಉಳಿಯುತ್ತದೆ.

ಉಗ್ರಾಣದ ಗೋಡೆ, ಚೀಲಗಳ ಬೂಷ್ಟಿನ ಧೂಳು ಉಬ್ಬಸದವರಿಗೆ ಕೆಟ್ಟದ್ದು. ಕೊಡವುವಾಗ ಮೂಗುಬಾಯಿ ಮುಚ್ಚಿಕೊಳ್ಳಬೇಕು. ಮಕ್ಕಳು ಹತ್ತಿರವಿರಬಾರದು. ಸೋರುವ ಮಾಡನ್ನು ಮಳೆಗಾಲಕ್ಕೆ ಮುಂಚೆಯೇ ಸರಿಪಡಿಸಬೇಕು.

ಮುಂದಿನ ಸುಗ್ಗಿಗೆ ಅನುಸರಿಸಬೇಕಾದ ಕ್ರಮಗಳು:

1. ಕಡಲೆಕಾಯಿಯನ್ನು ತೇವಾಂಶ ಶೇ. 8ಕ್ಕೆ, ಮೆಕ್ಕೆಜೋಳದ ಕಾಳನ್ನು ಶೇ. 12ಕ್ಕೆ ಇಳಿಯುವವರೆಗೆ ಒಣಗಿಸಬೇಕು. ಒಣಗಿದ ಕಾಯಿ ಅಲುಗಿಸಿದರೆ ಗಲಗಲ ಎನ್ನುತ್ತದೆ.
2. ಕೀಳುವಾಗ ಗಾಯವಾದ, ಹುಳು ಕೊರೆದ ಕಾಯಿಗಳನ್ನು ಬೇರ್ಪಡಿಸಬೇಕು.
3. ಚೀಲಗಳನ್ನು ಮರದ ಹಲಗೆಯ ಮೇಲೆ, ಗೋಡೆಯಿಂದ ಒಂದಡಿ ದೂರದಲ್ಲಿ ಜೋಡಿಸಬೇಕು.
4. ಸುಕ್ಕುಗಟ್ಟಿದ, ಬಣ್ಣಗೆಟ್ಟ, ಕಹಿಯಾದ ಬೀಜವನ್ನು ಆರಿಸಿ ತೆಗೆದು, ಜನ ದನ ಮುಟ್ಟದಂತೆ ಹೂಳಬೇಕು.

ಹೀಗೆ ಆರಿಸಿದಾಗ ಸೇರೆರಡು ಸೇರು ಹೋಗಬಹುದು. ಮಂಡಿಯವರು ಬೇಡವೆಂದ ಬೀಜ ಮನೆಯ ಮಕ್ಕಳ ತಟ್ಟೆಗೂ ಬೇಡ.